ಬಂದರಿನಲ್ಲೇ ಮುಳುಗಿದ ದೋಣಿ

ಬೆಳಿಗ್ಗೆ ನೀರಿನ ಮೇಲೆ ಹಾಯಿಯ ಕಂಬ ಮಾತ್ರ ಕಾಣುತ್ತಿತ್ತು. ದೋಣಿಯ ಉಳಿದ ಭಾಗವೆಲ್ಲ ಸಲೀನಾ ದ್ವೀಪದ ಬಂದರಿನ ತಳ ಸೇರಿತ್ತು.

ಅಂದು ಅದು ಪ್ರವಾಸಿಗರನ್ನು ಹತ್ತಿಸಿಕೊಂಡು ಸ್ಟ್ರಾಂಬೊಲಿ ದ್ವೀಪಕ್ಕೆ ಹೊರಡಬೇಕಿತ್ತು. ಪ್ರವಾಸಿಗರು ತಮ್ಮ ಪೆಟ್ಟಿಗೆಗಳ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು.

ನೀರಿಗಿಳಿದಿದ್ದ ಪೇದೆ ಮೇಲೆ ಬಂದ. "ನೀರು ತಡೆಯೋ ತಳದ ವಾಲ್ವ್ ಯಾರೋ ಬಿಚ್ಚಿದಾರೆ ಮೇಡಂ. ಪಕ್ಕದಲ್ಲೇ ಈ ಸ್ಪ್ಯಾನರ್ ಬಿದ್ದಿತ್ತು."

ಬಂದರು ಪೊಲೀಸ್ ಅಧಿಕಾರಿ ನೂಂತ್ಸಿಯಾ ಅದನ್ನು ತಿರುಗಿಸಿ ನೋಡಿದಳು. ಹಿಡಿಗೆ ನೀಲಿ ಬಣ್ಣ. ದೋಣಿ ನಡೆಸುವ ತಿಂದಾರೋನದು ಎಂದು ಬಂದರಿಗೆಲ್ಲ ಗೊತ್ತಿತ್ತು.

"ನೋಡಿದ್ರಾ?" ಮಾಲೀಕ ಎತ್ತೋರೆ ಕೂಗಿದ. "ತಳಕ್ಕೆ ಬೋಲ್ಟ್ ಹಾಕಿದ ಭಾರ ಅಲ್ಲಾಡ್ತಿದೆ, ರಿಪೇರಿ ಮಾಡಿಸದೆ ಹೊರಡಲ್ಲ ಅಂತ ನಿನ್ನೆ ಇವನು ಜಗಳ ತೆಗೆದ. ಹೊರಡದಿದ್ರೆ ಬೇರೆ ಕೆಲಸ ನೋಡ್ಕೋ ಅಂದೆ. ಸೇಡು ತೀರಿಸ್ಕೊಂಡ!"

"ಕೊನೆಗೆ ಹೊರಡ್ತೀನಿ ಅಂತ ಒಪ್ಕೊಂಡೆನಲ್ಲ," ಎಂದ ತಿಂದಾರೊ. ಆರೋಪ ಸಾಬೀತಾದರೆ ಲೈಸೆನ್ಸ್ ಹೋಗುತ್ತದೆ, ಜೈಲೂ ಆಗುತ್ತದೆ. ಅವನಿಗೆ ಬೇರೆ ಕೆಲಸ ಗೊತ್ತಿಲ್ಲ.

ನೂಂತ್ಸಿಯಾಗೆ ಮೊದಲು ಅನುಮಾನ ಬಂದದ್ದು ಎತ್ತೋರೆಯ ಮೇಲೆ. ವಿಮೆಯ ಆಸೆ ಇರಬಹುದು. ಆದರೆ ಕಳೆದ ವರ್ಷ ಅವನ ಇನ್ನೊಂದು ದೋಣಿ ಮಗುಚಿದ ಮೇಲೆ ಈ ದೋಣಿಗೆ ಯಾರೂ ವಿಮೆ ಕೊಟ್ಟಿರಲಿಲ್ಲ. ಆ ಅಪಘಾತದಲ್ಲಿ ತಿಂದಾರೋನ ಅಣ್ಣ ರೋಕೊ ತೀರಿಹೋಗಿದ್ದ.

ದೋಣಿಯ ಬೀಗದ ಕೈ ಇನ್ನೊಬ್ಬಳ ಬಳಿಯೂ ಇತ್ತು. ರೋಕೋನ ಹೆಂಡತಿ ವೆನೆರಾ. ದೋಣಿಯಲ್ಲಿ ಅಡುಗೆಯವಳು.

"ಚಾಕು, ಪಾತ್ರೆ, ಬ್ರೆಡ್ ಉಬ್ಬಿಸೋ ಹುಳಿಹಿಟ್ಟಿನ ಭರಣಿ, ಎಲ್ಲಾ ಹೋಯ್ತು ಅಕ್ಕಾ," ಎಂದಳು ವೆನೆರಾ. "ಸಂಜೆ ಅಲ್ಲೇ ಬಿಟ್ಟು ಬಂದಿದ್ದೆ."

ತಿಂದಾರೋನನ್ನು ಲಾಕಪ್ಪಿಗೆ ಒಯ್ದರು.

*

ಮರುದಿನ ಮಧ್ಯಾಹ್ನ ನೂಂತ್ಸಿಯಾ ವೆನೆರಾಳ ಮನೆಗೆ ಹೋದಳು.

"ಮೊದಲು ತಿನ್ನಿ, ಆಮೇಲೆ ಕೇಳಿ," ಎಂದಳು ವೆನೆರಾ. "ಪೊಲೀಸ್ ಆದ್ಮೇಲೆ ಒಣಗಿ ಹೋಗಿದೀರ."

ಬ್ರೆಡ್, ಟೊಮೇಟೊ, ಉಪ್ಪು ಹಾಕಿದ ಕೇಪರ್ ಮೊಗ್ಗು. ನೂಂತ್ಸಿಯಾ ಎರಡು ತುತ್ತು ತಿಂದಳು. ನಿಲ್ಲಿಸಿದಳು.

"ಯಾವಾಗ ಬೇಯಿಸಿದ್ದು?"

"ಬೆಳಿಗ್ಗೆ."

"ಅಂಗಡಿ ಈಸ್ಟಿಗೆ ಈ ಹುಳಿ ಬರಲ್ಲ. ಹೊಸ ಹುಳಿಹಿಟ್ಟು ಹದಕ್ಕೆ ಬರೋಕೆ ವಾರಗಟ್ಟಲೆ ಬೇಕು. ನಿನ್ನ ಭರಣಿ ನೀರಲ್ಲಿದೆ ಅಂದ್ಯಲ್ಲ."

"ಪಕ್ಕದ ಮನೆಯವರು ಕೊಟ್ರು..."

"ನಿಮ್ಮತ್ತೆ ಇರೋತನಕ ಒಂದು ಚಮಚ ಹೆಪ್ಪು ಯಾರಿಗೂ ಕೊಟ್ಟವರಲ್ಲ. ನಮ್ಮಮ್ಮ ಕೇಳಿ ಕೇಳಿ ಸೋತಳು. ಈ ರುಚಿ ನಿಮ್ಮನೇದೇ."

ವೆನೆರಾ ಕೂತಳು. ಅಳಲಿಲ್ಲ.

"ಬೀಗದ ಕೈ ನಿನ್ನ ಹತ್ರ ಇತ್ತು. ತಿಂದಾರೋನ ಸ್ಪ್ಯಾನರ್ ದೋಣಿಯಲ್ಲೇ ಇತ್ತು. ಭರಣಿ ಎತ್ತಿಟ್ಕೊಂಡು ವಾಲ್ವ್ ಬಿಚ್ಚಿದೆ. ಸೇಡು ತೀರಿಸ್ಕೊಳ್ಳೋನು ಹುಳಿಹಿಟ್ಟು ಉಳಿಸ್ತಾನಾ?"

"ಅದನ್ನ ಮುಳುಗಿಸೋಕೆ ಮನಸ್ಸು ಬರಲಿಲ್ಲ. ರೋಕೊ ಅದರ ಬ್ರೆಡ್ ತಿಂದೇ ಬೆಳೆದೋನು. ವಾಲ್ವ್ ಹಳೇದು, ತಾನೇ ಬಿಚ್ಕೊಂಡಿದೆ ಅಂತಾರೆ ಅಂದ್ಕೊಂಡೆ."

"ತಿಂದಾರೋನ್ನ ಹಿಡಿದಾಗಲೂ ಸುಮ್ನಿದ್ಯಲ್ಲ!"

"ಅವನನ್ನ ಬಿಟ್ಟರೆ ಎತ್ತೋರೆ ಇನ್ನೊಂದು ಹಳೇ ದೋಣಿ ಕೊಟ್ಟು ಕಳಿಸ್ತಾರೆ. ಲಾಕಪ್ಪಲ್ಲಿದ್ರೆ ನೆಲದ ಮೇಲಿರ್ತಾನೆ. ಎರಡು ದಿನ ಇರಲಿ ಅಂದ್ಕೊಂಡೆ. ಆಮೇಲೆ ನಾನೇ ಬರ್ತಿದ್ದೆ."

ನೂಂತ್ಸಿಯಾ ನಂಬಿದಳು. "ಆದ್ರೂ ಕೇಸು ಹಾಕಲೇಬೇಕು ಕಣೇ," ಎಂದಳು ಮೆಲ್ಲಗೆ.

*

ಸಂಜೆ ಕ್ರೇನ್ ದೋಣಿಯನ್ನು ಎತ್ತಿತು. ಅರ್ಧಕ್ಕೆ ಬಂದಾಗ ಏನೋ ಮುರಿದ ಸದ್ದು. ದೋಣಿಯನ್ನು ನೆಟ್ಟಗೆ ನಿಲ್ಲಿಸುವ ತಳದ ಭಾರ ಕಳಚಿ ನೀರಿಗೆ ಬಿತ್ತು. ಬೋಲ್ಟುಗಳು ತುಕ್ಕು ತಿಂದು ಸವೆದಿದ್ದವು. ತೆರೆಗಳ ನಡುವೆ ಹೀಗಾಗಿದ್ದರೆ ದೋಣಿ ಆ ಕ್ಷಣವೇ ಮಗುಚುತ್ತಿತ್ತು.

"ಎತ್ತೋರೆಯವರೇ, ನೀವೂ ಠಾಣೆಗೆ ಬನ್ನಿ," ಎಂದಳು ನೂಂತ್ಸಿಯಾ. "ನ್ಯಾಯಾಧೀಶರಿಗೆ ಇದನ್ನೂ ತೋರಿಸಬೇಕು."

ಠಾಣೆಯಲ್ಲಿ ವೆನೆರಾ ಹೇಳಿಕೆಗೆ ಸಹಿ ಹಾಕುತ್ತಿದ್ದಳು. ಬಿಡುಗಡೆಯಾದ ತಿಂದಾರೊ ಸಿಟ್ಟಿನಿಂದ ಅವಳ ಮುಂದೆ ಬಂದು ನಿಂತ.

"ಹೋಗಬೇಡ ಅಂತ ಒಂದು ಮಾತು ಹೇಳಬಾರದಿತ್ತಾ ಅತ್ತಿಗೆ?"

"ನಿಮ್ಮಣ್ಣನಿಗೆ ಹೇಳಿದ್ದೆ," ಎಂದಳು ವೆನೆರಾ.