ಸದ್ದು ಮಾಡದ ಬಾಟಲಿ

ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಸುಸ್ತಾಗಿ ಬಂದ ನಾದಿನಿ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟಿದ್ದಳಷ್ಟೆ, ಬಾಗಿಲು ಬಡಿದ ಸದ್ದಾಯಿತು. ಆ ಬಾಗಿಲು ಬಡಿಯುವವರೆಲ್ಲ ಅತ್ತಿಗೆಯನ್ನು ಹುಡುಕಿಕೊಂಡು ಬರುವವರೇ. ಜೀವನವೆಲ್ಲ ಬಟ್ಟೆ ಹೊಲಿದು ಮಿಷನ್ನಿಗೆ ಮುಸುಕು ಹಾಕಿದ ಮೇಲೆ ಅತ್ತಿಗೆ, ಅಂದರೆ ಇಡೀ ಕಟ್ಟಡಕ್ಕೆ ಟೈಲರಮ್ಮ, ಕಳೆದ ಕೀಲಿಕೈಯಿಂದ ಹಿಡಿದು ಕಳುವಾದ ಸೈಕಲ್ಲಿನವರೆಗೆ ಎಲ್ಲವನ್ನೂ ಪತ್ತೆ ಹಚ್ಚುವ ಕೆಲಸಕ್ಕೆ ಇಳಿದಿದ್ದರು. ಹೆಸರು ಅವರದು, ಓಡಾಟ ನಾದಿನಿಯದು. ಈಚೆಗೆ ಮನೆಯ ಕೆಲಸವೂ ಒಂದೊಂದಾಗಿ ಇವಳ ಕುತ್ತಿಗೆಗೇ ಬಿದ್ದಿತ್ತು. ಬೆಳಿಗ್ಗೆ ಕಸ ಕೆಳಗಿಳಿಸುವುದೊಂದನ್ನು ಮಾತ್ರ ಅತ್ತಿಗೆ ಬಿಟ್ಟುಕೊಟ್ಟಿರಲಿಲ್ಲ.

ಬಾಗಿಲಲ್ಲಿ ವಾಚ್‌ಮನ್ ನಿಂತಿದ್ದ. ಅವನ ಬೆನ್ನ ಹಿಂದೆ ಹೆಂಡತಿ, ಅಂಗೈಗೆ ದಪ್ಪ ಬ್ಯಾಂಡೇಜು.

"ಟೈಲರಮ್ಮ, ನೀವೇ ಕಾಪಾಡ್ಬೇಕು. ಕಾಗದ ಹಾಕೋ ನೀಲಿ ಡ್ರಮ್ಮಿಗೆ ಯಾರೋ ಗಾಜಿನ ಬಾಟಲಿ ಹಾಕ್ತಿದ್ದಾರೆ. ಗಾಜು ಹಾಕೋ ಹಸಿರು ಡ್ರಮ್ಮಲ್ಲಿ ಕಾಗದ. ಕಸದ ಲಾರಿಯೋರು ಇವತ್ತೂ ಎತ್ಕೊಳ್ಳದೆ ಚೀಟಿ ಅಂಟಿಸಿ ಹೋದ್ರು. ಕಾಗದ ಅದುಮೋಕೆ ಅಂತ ಇವಳು ಕೈ ಹಾಕಿದ್ಲು, ಒಡೆದ ಬಾಟಲಿ ಕೊಯ್ದುಬಿಡ್ತು."

"ಸಂಘದ ಸೆಕ್ರೆಟರಿ ಏನಂತಾರೆ?" ಎಂದರು ಅತ್ತಿಗೆ.

"ನಾನೇ ಸೋಮಾರಿಯಂತೆ, ಎಲ್ಲಾ ಕಲಸಿಡ್ತೀನಂತೆ. ಭಾನುವಾರ ಮೀಟಿಂಗಲ್ಲಿ ಕೆಲಸದಿಂದ ತೆಗೀತಾರಂತೆ. ಕೆಲಸ ಹೋದ್ರೆ ಮೆಟ್ಟಿಲ ಕೆಳಗಿನ ರೂಮೂ ಹೋಗುತ್ತೆ. ಇವಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

ಅತ್ತಿಗೆ ಲಾರಿಯವರ ಚೀಟಿಯನ್ನು ಕೈಗೆ ತೆಗೆದುಕೊಂಡು, ಹಾಗೇ ನಾದಿನಿಯತ್ತ ಚಾಚಿದರು. "ಓದು, ಕೇಳೋಣ."

ನಾದಿನಿಗೆ ಪಿತ್ತ ನೆತ್ತಿಗೇರಿತು. ಪೇಪರು ಓದು, ಕರೆಂಟು ಬಿಲ್ಲು ಓದು, ಸೂಜಿಗೆ ದಾರ ಪೋಣಿಸು. ಪತ್ತೇದಾರರ ಗತ್ತೇ ಗತ್ತು! ಒದ್ದೆ ಕಾಲಲ್ಲೇ ಎದ್ದು ಬಂದು ಓದಿದಳು. 'ಬೆರಕೆ ಕಸ, ಒಯ್ಯಲಾಗುವುದಿಲ್ಲ' ಎಂದಷ್ಟೇ ಇತ್ತು.

"ನಡಿ, ಕೆಳಗೆ ಹೋಗೋಣ," ಎಂದರು ಅತ್ತಿಗೆ. ಕಂಬಿ ಹಿಡಿದು, ಮಹಾರಾಣಿಯ ಹಾಗೆ ಒಂದೊಂದೇ ಮೆಟ್ಟಿಲಿಳಿದರು. ನಾದಿನಿ ಹಿಂದೆ ಹಿಂದೆ ಕಾಲೆಳೆದಳು.

ಅಂಗಳದಲ್ಲಿ ನಲ್ಲಿಯ ಪಕ್ಕ ಒಂದು ಡ್ರಮ್ಮು, ಗೇಟಿನ ಪಕ್ಕ ಇನ್ನೊಂದು. ತಪ್ಪು ಜಾಗದಲ್ಲಿ ಸಿಕ್ಕ ಕಸವನ್ನೆಲ್ಲ ವಾಚ್‌ಮನ್ ಗೋಣಿಚೀಲದ ಮೇಲೆ ಹರವಿಟ್ಟಿದ್ದ. ಅತ್ತಿಗೆ ಕುಕ್ಕರಗಾಲಲ್ಲಿ ಕೂತು ಬಾಟಲಿಗಳ ಮೇಲೆ ಬೆರಳಾಡಿಸಿದರು. "ತೊಳೆದಿದ್ದಾರೆ. ಬಾಟಲಿ ಮೇಲಿನ ಚೀಟಿ ನೆನೆಸಿ ಕಿತ್ತಿದ್ದಾರೆ. ಮುಚ್ಚಳ ಬೇರೆ ತೆಗೆದಿದ್ದಾರೆ. ಕಾಗದ ನೋಡು, ಅಂಚಿಗೆ ಅಂಚು ಕೂಡಿಸಿ ಮಡಚಿದ್ದಾರೆ. ಸೋಮಾರಿ ಮಾಡೋ ಕೆಲಸವಾ ಇದು?"

"ಮತ್ತ್ಯಾರು?" ಎಂದಳು ನಾದಿನಿ.

"ನಮ್ಮನೆಯಿಂದ ಒಂದು ಖಾಲಿ ಬಾಟಲಿ ತಗೊಂಡ್ಬಾ."

ನಾದಿನಿ ಮನಸ್ಸಲ್ಲೇ ಬೈದುಕೊಂಡು ಮೇಲೆ ಹತ್ತಿದಳು, ಮತ್ತೆ ಇಳಿದಳು. ಅತ್ತಿಗೆ ಬಾಟಲಿ ಹಿಡಿದು ನೇರ ಗೇಟಿನ ಕಡೆಗೆ ನಡೆದು, ಅಲ್ಲಿನ ಡ್ರಮ್ಮಿನ ಮುಚ್ಚಳವೆತ್ತಿ ಒಳಗೆ ಬಿಟ್ಟರು. ಟಣ್ ಎನ್ನಲಿಲ್ಲ. ಧೊಪ್ಪೆಂದು ಕಾಗದದ ಮೇಲೆ ಬಿತ್ತು. ಇದೇನೋ ಪರೀಕ್ಷೆಯಿರಬೇಕೆಂದುಕೊಂಡಳು ನಾದಿನಿ. ಅತ್ತಿಗೆ ಮಾತ್ರ ಡ್ರಮ್ಮಿನ ಅಂಚು ಹಿಡಿದು ಬಹಳ ಹೊತ್ತು ಹಾಗೇ ನಿಂತರು.

"ಗೋಡೆಗೆ ಬಣ್ಣ ಹೊಡೆದಾಗ ಇವನ್ನ ಕದಲಿಸಿದ್ರೇನಪ್ಪ?"

"ಹೌದಮ್ಮ. ಬಣ್ಣದೋರು ಎತ್ತಿಟ್ಟು, ಆಮೇಲೆ ಅವರೇ ವಾಪಸ್ ಇಟ್ರು."

ಭಾನುವಾರದವರೆಗೆ ಅತ್ತಿಗೆ ತುಟಿ ಬಿಚ್ಚಲಿಲ್ಲ.

ಮೀಟಿಂಗು ಅಂಗಳದಲ್ಲೇ ಸೇರಿತು. ಸೆಕ್ರೆಟರಿ ವಾಚ್‌ಮನ್ ಮೇಲೆ ಹರಿಹಾಯ್ದರು. ಸಾಲದೆಂಬಂತೆ ಮೂರನೇ ಮಹಡಿಗೆ ಹೊಸದಾಗಿ ಬಂದ ಲಾರಿ ಡ್ರೈವರನ ಮೇಲೂ ಗೂಬೆ ಕೂರಿಸಿದರು. "ದಿನಾ ಬಾಟಲಿ ತರೋರು ಇವರೊಬ್ಬರೇ ತಾನೆ?"

"ಸ್ವಾಮಿ, ನನ್ನ ಮುಖ ನೋಡಿ," ಎಂದ ಡ್ರೈವರ್. "ಬಾಟಲಿ ತೊಳೆದು ಎಸೆಯೋ ಮುಖವಾ ಇದು?"

ಜನ ನಕ್ಕರು. ಅತ್ತಿಗೆ ಎದ್ದು ನಿಂತರು.

"ಅವರು ಹೇಳಿದ್ದು ಸರಿ. ಇದು ಶಿಸ್ತಿನ ಕೈ. ಗಾಜಿನ ಜೊತೆ ಕಾಗದ ಸೇರಿಸಿಲ್ಲ, ಕಾಗದದ ಜೊತೆ ಗಾಜು ಸೇರಿಸಿಲ್ಲ. ಬೇರೆ ಬೇರೆ ಮಾಡಿಯೇ ತಂದಿದ್ದಾರೆ, ಡ್ರಮ್ಮು ಮಾತ್ರ ಅದಲು ಬದಲು. ವರ್ಷಗಟ್ಟಲೆ ನೀಲಿ ನಲ್ಲಿ ಹತ್ರ ಇತ್ತು, ಹಸಿರು ಗೇಟಿನ ಹತ್ರ. ಬಣ್ಣದೋರು ಅದನ್ನ ಉಲ್ಟಾ ಇಟ್ಟು ಹೋದ್ರು. ತೊಂದರೆ ಶುರುವಾಗಿದ್ದೇ ಆಮೇಲೆ. ಬಣ್ಣ ನೋಡಿ ಹಾಕೋರಿಗೆ ಏನೂ ಆಗಲಿಲ್ಲ. ಜಾಗದ ಅಭ್ಯಾಸದ ಮೇಲೆ ಹಾಕೋರೊಬ್ಬರು ಮಾತ್ರ ತಪ್ಪಿದ್ರು."

"ಅಷ್ಟು ದೊಡ್ಡ ಡ್ರಮ್ಮಿನ ಬಣ್ಣ ಕಾಣಲ್ವೇನ್ರೀ? ಕಣ್ಣಿರೋರು ಯಾರಾದ್ರೂ ಹಾಗೆ ಮಾಡ್ತಾರಾ?" ಎಂದು ಸೆಕ್ರೆಟರಿ ಸಿಡುಕಿದರು.

"ಕಣ್ಣಿರೋರು ಮಾಡಲ್ಲ."

ನಾದಿನಿಗೆ ಒಂದೊಂದೇ ನೆನಪಾಯಿತು. ಓದು, ಕೇಳೋಣ. ಸೂಜಿಗೆ ದಾರ. ಕಂಬಿ ಬಿಡದೆ ಇಳಿದ ಮೆಟ್ಟಿಲು. ನೇರ ಗೇಟಿನ ಕಡೆಗೆ ನಡೆದ ಕಾಲು.

"ಬಾಟಲಿ ಬಿಟ್ಟಾಗ ಟಣ್ ಅನ್ನದಿದ್ರೆ, ಯಾರೋ ಪುಣ್ಯಾತ್ಮರು ಕಾಗದ ಎಸೆದಿದ್ದಾರೆ ಅಂತ ಬೈಕೊಂಡು ಬರ್ತಿದ್ದೆ," ಎಂದರು ಅತ್ತಿಗೆ. "ಆ ಪುಣ್ಯಾತ್ಗಿತ್ತಿ ನಾನೇ. ಈ ಕಣ್ಣಿಗೆ ನೀಲೀನೂ ಒಂದೇ, ಹಸಿರೂ ಒಂದೇ, ಎಲ್ಲಾ ಮಂಜು. ಒಬ್ಬರಿಗೂ ಹೇಳಿರಲಿಲ್ಲ."

ಅತ್ತಿಗೆ ಗಾಳಿಯಲ್ಲಿ ಕೈ ಚಾಚಿದರು. ವಾಚ್‌ಮನ್ ಹೆಂಡತಿಯೇ ಹತ್ತಿರ ಬಂದು ತನ್ನ ಬ್ಯಾಂಡೇಜಿನ ಕೈಯನ್ನು ಅದರೊಳಗಿಟ್ಟಳು.

"ನನ್ನಿಂದ ಆಗಿದ್ದಮ್ಮ ಇದು. ಕ್ಷಮಿಸು," ಎಂದು, ಸೆಕ್ರೆಟರಿಯ ಕಡೆ ತಿರುಗಿದರು. "ರೂಮು ಅವರದ್ದೇ ತಾನೆ?"

"ಹೂಂ, ಇರಲಿ ಬಿಡಿ," ಎಂದು ಸೆಕ್ರೆಟರಿ ಗೊಣಗಿ ಮುಖ ತಪ್ಪಿಸಿದರು.

ಅತ್ತಿಗೆ ಬಾಯಿ ಬಿಡದಿದ್ದರೆ ಈ ಕೇಸು ಜನ್ಮದಲ್ಲಿ ಬಗೆಹರಿಯುತ್ತಿರಲಿಲ್ಲ, ಟೈಲರಮ್ಮನ ಹೆಸರೂ ಹಾಗೇ ಉಳಿಯುತ್ತಿತ್ತು. ನಾದಿನಿಗೆ ಹೆಮ್ಮೆಯೂ ಆಯಿತು, ಅಳುವೂ ಬಂತು. ಎಲ್ಲರೂ ಚದುರಿದ ಮೇಲೆ ಮೆಟ್ಟಿಲ ಬಳಿ ಅವರ ತೋಳು ಹಿಡಿದಳು.

"ನನಗಾದ್ರೂ ಹೇಳಬಾರದಿತ್ತಾ ಅತ್ತಿಗೆ?"

"ದಿನಾ ಸಂಜೆ ಬಿಸಿನೀರಲ್ಲಿ ಕಾಲಿಟ್ಕೊಂಡು ನರಳ್ತೀಯ. ಕಣ್ಣು ಕಾಣದೆ ಹೋದ್ರೂ ಅದು ಕೇಳಿಸುತ್ತಲ್ಲ. ನಿನ್ನ ತಲೆ ಮೇಲೆ ಇನ್ನೊಂದು ಹೊರೆ ಯಾಕೆ ಅಂದ್ಕೊಂಡೆ."

ನಾದಿನಿ ಅವರ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕಾಲು ಎಂದಿನಂತೆ ಸಿಡಿಯುತ್ತಿತ್ತು.

"ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ," ಎಂದಳು. "ದಾರಿಯುದ್ದಕ್ಕೂ ನಾನು ಕಾಲುನೋವು ಅಂತ ಗೊಣಗ್ತೀನಿ. ನೀವು ಕೇಳಿಸ್ಕೋಬೇಕು."

"ಆಯ್ತು ಮಾರಾಯ್ತಿ," ಎಂದು ಅತ್ತಿಗೆ ಕಂಬಿಯಿಂದ ಕೈ ತೆಗೆದು ಅವಳ ಹೆಗಲ ಮೇಲಿಟ್ಟರು.