ಪಸ್ಕದ ಹಾಡಿಗೆ ಇಷ್ಟೊಂದು ಗಲಾಟೆ!

"ನಿಲ್ಸಿ!"

ಎಲ್ಕಾನಾ ಕೋಲೆತ್ತಿದ. ಇಡೀ ವಾದ್ಯವೃಂದ ಗಪ್‌ಚುಪ್.

"ಇಲ್ಲಿ ಕಹಳೆ ಯಾಕೆ? ಕೊಳಲು ಒಂದು ಕಡೆ ಓಡ್ತಿದೆ, ಪಿಟೀಲು ಇನ್ನೆಲ್ಲೋ... ಇದನ್ನ ಬರೆದ ಪುಣ್ಯಾತ್ಮರು ಯಾರ್ರೀ?"

"ನಾನೇ ಆ ಪುಣ್ಯಾತ್ಗಿತ್ತಿ!" ಹಿಂದಿನ ಸಾಲಿನಲ್ಲಿ ತಿರ್ಸಾ ಎದ್ದು ನಿಂತಳು.

ಹೈಫಾದ ಆ ಸಭಾಂಗಣದಲ್ಲಿ ಅವರಿಬ್ಬರ ಮೊದಲ ಭೇಟಿ ಆಗಿದ್ದು ಹೀಗೆ. ಅವನು ಹೊಸದಾಗಿ ಬಂದ ನಿರ್ದೇಶಕ. ಅವಳು, ಯೆಹೂದಿಗಳ ಪಸ್ಕ ಹಬ್ಬದ ಸಂಗೀತ ಕಛೇರಿಗೆ ತನ್ನ ಮನೆಯ ಹಾಡನ್ನೇ ವಾದ್ಯಗಳಿಗೆ ಹೊಂದಿಸಿ ಕೊಟ್ಟವಳು. ಜೆರ್ಬಾ ದ್ವೀಪ ಬಿಟ್ಟು ಬರುವಾಗ ಅವಳ ಅಜ್ಜ ತಂದ ಆಸ್ತಿ ಅಂದರೆ ಆ ಧಾಟಿ ಒಂದೇ.

ಆಮೇಲೆ ಪ್ರತಿ ತಾಲೀಮಿನಲ್ಲೂ ಅದೇ ಗೋಳು!

"ಕಹಳೆ ತೆಗೀರಿ."

"ತೆಗೆಯಲ್ಲ."

"ಧಾಟಿ ಕೇಳಿಸ್ಬೇಕು ಮೇಡಂ, ಗದ್ದಲ ಅಲ್ಲ. ಹೀಗೇ ಇದ್ರೆ ಈ ಸಲ ನುಡಿಸೋಕಾಗಲ್ಲ."

ತಿರ್ಸಾಗೆ ಕಣ್ಣು ತುಂಬಿ ಬಂತು. 'ಅಜ್ಜನ ಹಾಡನ್ನ ಗಂಜಿ ಬಸಿದ ಹಾಗೆ ಬಸಿತಾನಂತೆ! ಇವನ ಕಿವಿಗೆ ಏನು ಬಂದಿದೆ?'

ಸಾಲದ್ದಕ್ಕೆ, ತಾಲೀಮು ನೋಡಲು ಬಂದಿದ್ದ ಅವಳ ಅಮ್ಮ ಫೋರ್ತೂನಾ ಅವನನ್ನೇ ಹಬ್ಬದ ಊಟಕ್ಕೆ ಕರೆದುಬಿಟ್ಟಳು.

"ಅಮ್ಮಾ! ಅವನನ್ನ ಯಾಕೆ ಕರೆದೆ?"

"ತಾಯಿ ಹೋಗಿ ಎರಡು ವರ್ಷ ಆಯ್ತಂತೆ ಕಣೇ. ಹಬ್ಬದ ದಿನ ಒಬ್ಬನೇ ಮೊಟ್ಟೆ ಬೇಯಿಸ್ಕೊಂಡು ತಿಂತಾನಂತೆ. ನನ್ನ ಕರುಳು ಚುರುಕ್ ಅಂತು."

"ನನ್ನ ಹೊಟ್ಟೆ ಉರೀತಿದೆ!"

ಅವನು ಬಂದ. ಫೋರ್ತೂನಾ ಮನೆಯ ಪದ್ಧತಿಯಂತೆ ಹಬ್ಬದ ತಟ್ಟೆಯನ್ನು ಎಲ್ಲರ ತಲೆಯ ಮೇಲೆ ಸುತ್ತಿಸುತ್ತಾ ಅವನ ತಲೆಯ ಮೇಲೂ ಸುತ್ತಿಸಿದಳು. ಊಟ ಮುಗಿದು ಹಾಡು ಶುರುವಾಯಿತು.

ಹನೀನಾ ಮಾವ ಎಂದಿನಂತೆ ರಾಗ ಎಳೆದ. ಅಮ್ಮ ಮುಂದೆ ಓಡಿದಳು. ಚಿಕ್ಕಮ್ಮನ ದನಿ ಮಾಳಿಗೆ ಹತ್ತಿತು.

"ಮಾವ, ಎಳೀಬೇಡ!"

"ನಿಮ್ಮಮ್ಮಂಗೆ ಹೇಳೇ, ಏನು ರೈಲು ಹಿಡೀಬೇಕಾ ಅವಳಿಗೆ?"

ಆದರೂ ಕೊನೆಯ ಸಾಲಿಗೆ ಎಲ್ಲರೂ ಒಟ್ಟಿಗೇ ಬಂದು ಸೇರಿದರು... ಎಲ್ಕಾನಾ ಜೋರಾಗಿ ನಕ್ಕುಬಿಟ್ಟ.

ತಿರ್ಸಾ ದಡಕ್ಕನೆ ಎದ್ದು ಬಾಲ್ಕನಿಗೆ ಹೋದಳು. ಅವನು ಹಿಂದೆಯೇ ಬಂದ.

"ನಮ್ಮ ಮನೆಯವರು ನಿಮಗೆ ತಮಾಷೆನಾ?"

"ಇಲ್ಲ ತಿರ್ಸಾ... ಆ ಕಹಳೆ ನಿಮ್ಮ ಮಾವ ಅಲ್ವಾ? ಕೊಳಲು ನಿಮ್ಮಮ್ಮ. ನೀವು ಬರೆದಿದ್ದು ಗದ್ದಲ ಅಲ್ಲ, ನಿಮ್ಮ ಮನೆ. ಅವರನ್ನೆಲ್ಲ ನಾನು ಆಚೆ ತಳ್ತಿದ್ದೆ." ಅವನು ಬಾಲ್ಕನಿಯ ಕಂಬಿಗೆ ಒರಗಿದ. "ನಮ್ಮನೇಲಿ ಅಮ್ಮ ಒಬ್ಬಳೇ ಹಾಡೋಳು. ಹಬ್ಬದ ಹಾಡು ಅಂದ್ರೆ ಒಂದೇ ದನಿ ಅಂದ್ಕೊಂಡಿದ್ದೆ. ತಪ್ಪು ನಂದೇ."

'ಅಯ್ಯೋ ದೇವರೇ... ಇವನ ಮೇಲೆ ನೆಟ್ಟಗೆ ಸಿಟ್ಟು ಮಾಡ್ಕೊಳ್ಳೋಕೂ ಆಗಲ್ವಲ್ಲ!'

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?" ಅಂದಳು. ಆದರೆ ಒಳಗೆ ಹೋಗಲಿಲ್ಲ, ಅವನ ಪಕ್ಕದಲ್ಲೇ ನಿಂತಳು.

ಕಛೇರಿಯಲ್ಲಿ ಅವಳು ಬರೆದ ಒಂದು ಸ್ವರವನ್ನೂ ಅವನು ಬಿಡಲಿಲ್ಲ. ಸಭೆಯಲ್ಲಿ ಕೂತಿದ್ದ ಫೋರ್ತೂನಾ ತಡೆಯಲಾರದೆ ಹಾಡಿಯೇಬಿಟ್ಟಳು. ಹನೀನಾ ಮಾವನೂ ಸೇರಿಕೊಂಡ, ತಡವಾಗಿ. ತಿರ್ಸಾ ಮುಖ ಮುಚ್ಚಿಕೊಂಡಳು. ಎಲ್ಕಾನಾ ಮಾತ್ರ ಹಿಂದೆ ತಿರುಗಿ, ಅವರಿಗೂ ಕೋಲು ಬೀಸಿದ!

ಚಪ್ಪಾಳೆ ಮುಗಿದ ಮೇಲೆ ಅವನು ರಂಗದ ಹಿಂದೆ ಅವಳನ್ನು ಹುಡುಕಿಕೊಂಡು ಬಂದ.

"ತಿರ್ಸಾ... ನಿಮ್ಮ ಹತ್ರ ಜಗಳ ಆಡದ ದಿನ ನನಗೆ ಊಟ ಸೇರಲ್ಲ. ಇದಕ್ಕೆ ಏನಂತಾರೋ..."

"ಪ್ರೀತಿ ಅಂತಾರೆ ಪೆದ್ದೇ! ಅದನ್ನೂ ನಾನೇ ಬರೆದು ಕೊಡ್ಬೇಕಾ?"

ಅವನು ನಕ್ಕು ಅವಳ ಕೈ ಹಿಡಿದ. "ಹಾಗಾದ್ರೆ... ಮುಂದಿನ ವರ್ಷವೂ ಹಬ್ಬಕ್ಕೆ ಕರೀತೀಯಾ?"

"ಕರೆಯಲ್ಲ."

ಅವನ ಮುಖ ಬಾಡಿತು.

"ಮನೆಯವರನ್ನ ಯಾರಾದ್ರೂ ಕರೀತಾರಾ?"