ಲಿಥಿಯಂ ಅಯೋಡೈಡ್‌ನ ಒಂದು ಅಂಕ

"ಸರ್, ಈ ಉತ್ತರ ತಪ್ಪು."

ಕಾಪುವಿನ ಆ ಪದವಿಪೂರ್ವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಪೆನ್ನೂ ನಿಂತಿತು. ಹೇಳಿದವಳು ಮಹಾಲಕ್ಷ್ಮಿ, ಅತಿಥಿ ಉಪನ್ಯಾಸಕಿಯಾಗಿ ಸೇರಿ ಐದೇ ದಿನ. ಕೇಳಿಸಿಕೊಂಡವನು ಪ್ರತೀಕ್, ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥ.

ಲಿಥಿಯಂ ಅಯೋಡೈಡ್, ಸೀಸಿಯಂ ಅಯೋಡೈಡ್ ಇವುಗಳಲ್ಲಿ ಯಾವುದು ಹೆಚ್ಚು ಕೋವೇಲೆಂಟ್, ಅಂದರೆ ಯಾವುದರಲ್ಲಿ ಎಲೆಕ್ಟ್ರಾನ್ ಹಂಚಿಕೆ ಹೆಚ್ಚು ಎಂಬುದು ಕಿರುಪರೀಕ್ಷೆಯ ಪ್ರಶ್ನೆ. ದೊಡ್ಡ ಅಯಾನು ಸುಲಭವಾಗಿ ಧ್ರುವೀಕರಣಗೊಳ್ಳುತ್ತದೆ, ಆದ್ದರಿಂದ ಸೀಸಿಯಂ ಎಂದು ಅವನು ಉತ್ತರಸೂಚಿಯಲ್ಲಿ ಬರೆದಿದ್ದ.

"ದೊಡ್ಡದರ ಎಲೆಕ್ಟ್ರಾನ್ ಮೋಡ ಬೇಗ ಬಾಗುತ್ತದೆ, ನಿಜ. ಆದರೆ ಎರಡರಲ್ಲೂ ಬಾಗುವುದು ಅದೇ ಅಯೋಡೈಡ್ ಅಲ್ವಾ ಸರ್? ಎಳೆಯುವುದು ಯಾರು ಅಂತ ನೋಡಬೇಕು. ಲಿಥಿಯಂ ಚಿಕ್ಕದು, ಅದರ ಎಳೆತವೇ ಜೋರು."

ಪ್ರತೀಕ್ ಹಾಳೆ ಮಡಚಿಕೊಂಡು ಎದ್ದು ಹೋದ.

ಅಯ್ಯೋ... ಎಲ್ಲರ ಎದುರು ಹೇಳಬಾರದಿತ್ತೇನೋ!

ಅವಳ ಅಪ್ಪ ಮಾನಪ್ಪ ಕೊಪ್ಪಳದಿಂದ ಬಂದು, ಮಣಿಪಾಲದ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡಿ ಮಗಳನ್ನು ಎಂ.ಎಸ್ಸಿ. ಓದಿಸಿದವರು. ಈ ಕೆಲಸ ಹೋದರೆ ಅವರಿಗೆ ಏನೆಂದು ಹೇಳುವುದು?

ಸೋಮವಾರ ಹೊಸ ವೇಳಾಪಟ್ಟಿ ಬಂತು. ಅವಳು ಪಾಠ ಮಾಡುತ್ತಿದ್ದ ಪ್ರಥಮ ಪಿಯುಸಿಯಲ್ಲಿ ಅವಳ ಹೆಸರೇ ಇರಲಿಲ್ಲ. ಮುಂದಿನ ಪುಟ ತಿರುವದೆ, ಬ್ಯಾಗ್ ಎತ್ತಿಕೊಂಡು ಬಸ್ ಹತ್ತಿಬಿಟ್ಟಳು.

ಕಟಪಾಡಿಯಲ್ಲಿ ಇಳಿದು ಅಲೆವೂರಿನ ಮನೆಗೆ ಆಟೋ ಹುಡುಕುತ್ತಿದ್ದಾಗ, ಬೆನ್ನಿಗೇ ಬಂದ ಪ್ರತೀಕ್‌ನ ಬೈಕ್ ಪಕ್ಕದಲ್ಲಿ ನಿಂತಿತು. ಕ್ಲಾಸ್ ಬಿಟ್ಟು ಬಂದದ್ದೇಕೆಂದು ಅವನು ಕೇಳಿದ.

"ತಪ್ಪು ತೋರಿಸಿದ್ದಕ್ಕೆ ಹೀಗಾ ಸರ್?" ಅವಳ ದನಿ ಒಡೆಯಿತು.

ಅವನು ಕಕ್ಕಾಬಿಕ್ಕಿಯಾದ. ಆಮೇಲೆ ಮೆಲ್ಲಗೆ ಎಲ್ಲ ಹೇಳಿದ. ಅಂದು ಅವನು ನೇರ ಹೋದದ್ದು ತರಗತಿಗೆ. ತಾನು ಬರೆದದ್ದು ತಪ್ಪು, ತಿದ್ದಿದವರು ಮಹಾಲಕ್ಷ್ಮಿ ಮೇಡಂ ಎಂದು ಮಕ್ಕಳಿಗೆ ತಿಳಿಸಿ, ಲಿಥಿಯಂ ಎಂದವರಿಗೆಲ್ಲ ಅಂಕ ಕೊಟ್ಟಿದ್ದ. ಪ್ರಿನ್ಸಿಪಾಲರಲ್ಲಿ ಮಾತಾಡಿ ಅವಳಿಗೆ ದ್ವಿತೀಯ ಪಿಯುಸಿಯನ್ನೇ ಕೊಡಿಸಿದ್ದ.

"ನಿಮಗೆ ಮೊದಲೇ ಹೇಳ್ಬೇಕಿತ್ತು. ನಾಚಿಕೆ ಆಯ್ತು ನನಗೆ," ಎಂದ.

ಮಹಾಲಕ್ಷ್ಮಿ ಅಳುತ್ತಲೇ ನಕ್ಕಳು.

ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆಪತ್ರಿಕೆಯೂ ಮೊದಲು ಅವಳ ಮೇಜಿಗೇ ಬರುತ್ತಿತ್ತು. ತಪ್ಪು ಸಿಗದ ದಿನ ಅವಳಿಗೇ ಬೇಸರ... ಅವನ ಜೊತೆ ವಾದಿಸುವುದಕ್ಕೆ ಕಾರಣವೇ ಇಲ್ಲವಲ್ಲ ಎಂದು!

ಫೆಬ್ರವರಿಯ ಸಂಜೆಯೊಂದರಲ್ಲಿ ಲ್ಯಾಬಿಗೆ ಬೀಗ ಹಾಕುತ್ತಾ ಅವನು ತಡವರಿಸಿದ.

"ನನಗೆ ನೀವು ಇಷ್ಟ ಮಹಾಲಕ್ಷ್ಮಿ. ನಿಮ್ಮ ಅಪ್ಪನ ಹತ್ತಿರ ಮಾತಾಡ್ಲಿಕ್ಕೆ ಬರ್ಬಹುದಾ?"

ಎದೆ ತುಂಬಿ ಬಂದರೂ ಭಯವೊಂದು ಉಳಿದಿತ್ತು. "ಅಪ್ಪ ಗಾರೆ ಕೆಲಸದವರು. ನಿಮ್ಮ ಮನೆಯಲ್ಲಿ...?"

"ಅಮ್ಮನಿಗೆ ಎಲ್ಲ ಗೊತ್ತುಂಟು. ಯಾವಾಗ ಕರ್ಕೊಂಡು ಬರ್ತಿ ಅಂತ ದಿನಾ ಕೇಳ್ತಾರೆ."

ಅವಳು ತಲೆ ತಗ್ಗಿಸಿದಳು. "ಭಾನುವಾರ ಬನ್ನಿ. ರೊಟ್ಟಿ, ಚಟ್ನಿ. ಖಾರ ತುಂಬಾ ಉಂಟು."

"ಅಡ್ಡಿಯಿಲ್ಲ. ನೀವು ಪಕ್ಕದಲ್ಲಿ ಕೂತ್ರೆ ಸಾಕು."